ದಾಸವಾಳದ ಕಡ್ಡಿಗೆ ಬೇರು ಬರಿಸುವುದು ಹೇಗೆ?

ಪಕ್ಕದ ಮನೆಯ ದಾಸವಾಳ ಚೆಂದ ಕಂಡಿತು ಅಂತ ಒಂದು ಕಡ್ಡಿ ಕೇಳಿ ತಂದು ಕುಂಡದಲ್ಲಿ ನೆಡುತ್ತೇವೆ. ಕೆಲವು ಚಿಗುರುತ್ತವೆ, ಕೆಲವು ಒಣಗಿ ಹೋಗುತ್ತವೆ. ಚಿಗುರಿದರೆ ಕೈಗುಣ ಚೆನ್ನಾಗಿದೆ ಅನ್ನುತ್ತೇವೆ, ಅಲ್ವಾ? ಆದರೆ ಆ ಕಡ್ಡಿಯೊಳಗೆ ಎರಡು ಮೂರು ಹಾರ್ಮೋನುಗಳ ಎಳೆದಾಟ ನಡೆದಿರುತ್ತದೆ. ಅದು ಗೊತ್ತಿದ್ದರೆ ಕೈಗುಣ ಯಾರಿಗೂ ಬರುತ್ತದೆ.

ಮಳೆಗಾಲದ ಶುರುವಿನಲ್ಲಿ ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ. ತೀರಾ ಎಳೆಯದೂ ಬೇಡ, ಬಲಿತು ಕಟ್ಟಿಗೆಯಾದದ್ದೂ ಬೇಡ. 5-6 ಇಂಚು ಉದ್ದ ಸಾಕು. ಕೆಳಗಿನ ತುದಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ. ಮೊಗ್ಗು, ಹೂವು ಇದ್ದರೆ ಚಿವುಟಿ ಹಾಕಿ. ಕೆಳಗಿನ ಎಲೆಗಳನ್ನೂ ತೆಗೆಯಿರಿ, ತುದಿಯ ಎರಡು ಎಲೆ ಮಾತ್ರ ಇರಲಿ. ದೊಡ್ಡ ಎಲೆಯಾದರೆ ಅರ್ಧಕ್ಕೆ ಕತ್ತರಿಸಿ, ನೀರು ಆರುವುದು ಕಡಿಮೆಯಾಗುತ್ತದೆ.

ಎಲ್ಲ ಎಲೆ ತೆಗೆದುಬಿಟ್ಟರೆ ಏನಾಗುತ್ತದೆ? ಬೇರು ಬರಿಸುವ ಹಾರ್ಮೋನೇ ಕಡಿಮೆಯಾಗುತ್ತದೆ. ಆಕ್ಸಿನ್ ಎಂಬ ಆ ಹಾರ್ಮೋನು ಹೆಚ್ಚಾಗಿ ತಯಾರಾಗುವುದೇ ಕುಡಿಯಲ್ಲಿ, ಎಳೆ ಎಲೆಯಲ್ಲಿ. ಅಲ್ಲಿಂದ ಒಂದು ಕೋಶದಿಂದ ಇನ್ನೊಂದಕ್ಕೆ ದಾಟುತ್ತಾ, ಗಂಟೆಗೆ ಸುಮಾರು 1 ಸೆಂಟಿಮೀಟರ್ ವೇಗದಲ್ಲಿ ಕೆಳಗಿಳಿಯುತ್ತದೆ. ಕಡ್ಡಿ ಕತ್ತರಿಸಿದಾಗ ದಾರಿ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಬುಡದಲ್ಲಿ ಆಕ್ಸಿನ್ ತುಂಬಿಕೊಳ್ಳುತ್ತದೆ. ಸೈಟೋಕೈನಿನ್ ಎಂಬ ಇನ್ನೊಂದು ಹಾರ್ಮೋನು ಇದರ ಎದುರಾಳಿ. ಅದು ಹೆಚ್ಚಾಗಿ ಬೇರಿನಲ್ಲಿ ಹುಟ್ಟಿ ಮೇಲಕ್ಕೆ ಬರುವಂಥದ್ದು. ಕಡ್ಡಿಗೆ ಬೇರೇ ಇಲ್ಲವಲ್ಲ, ಅದು ಬರುವುದು ನಿಂತಿದೆ. ಆಕ್ಸಿನ್ ಜಾಸ್ತಿ, ಸೈಟೋಕೈನಿನ್ ಕಡಿಮೆ: ಬೇರು ಮೂಡುವ ಹದ ಇದೇ.

ಈ ಹದವನ್ನು ಸ್ಕೂಗ್ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು 1957ರಲ್ಲಿ ತಂಬಾಕಿನ ಕಾಂಡದ ತಿರುಳಿನಲ್ಲಿ ತೋರಿಸಿದರು. ಆಕ್ಸಿನ್ ಪ್ರಮಾಣ ಹೆಚ್ಚಿಸಿದರೆ ಬೇರು ಬಂತು, ಸೈಟೋಕೈನಿನ್ ಹೆಚ್ಚಿಸಿದರೆ ಚಿಗುರು ಬಂತು. ನಡುವಿನ ಹದದಲ್ಲಿ ಬರೀ ಕೋಶಗಳ ಮುದ್ದೆ. ನಮ್ಮ ರೈತರು ನೆಡುವ ಟಿಶ್ಯೂ ಕಲ್ಚರ್ ಬಾಳೆ ಸಸಿ ತಯಾರಾಗುವುದೂ ಇದೇ ಲೆಕ್ಕದಲ್ಲಿ.

ಅಂಗಡಿಯಲ್ಲಿ ಸಿಗುವ ಬೇರು ಬರಿಸುವ ಪುಡಿಯಲ್ಲಿ ಸಾಮಾನ್ಯವಾಗಿ ಐಬಿಎ ಎಂಬ ಒಂದು ಬಗೆಯ ಆಕ್ಸಿನ್ ಇರುತ್ತದೆ. ಕಡ್ಡಿಯ ಬುಡವನ್ನು ಒದ್ದೆ ಮಾಡಿ, ಪುಡಿಗೆ ಮುಟ್ಟಿಸಿ, ತಟ್ಟಿ ಕೊಡವಿ. ಕೊಡವುವುದನ್ನು ಮರೆಯಬೇಡಿ. ಜಾಸ್ತಿ ಹಾಕಿದರೆ ಬೇಗ ಬೇರು ಬರುತ್ತದೆ ಅಂತ ನಾನು ಒಮ್ಮೆ ದಪ್ಪಗೆ ಮೆತ್ತಿದ್ದೆ. ಐದು ಕಡ್ಡಿಗಳಲ್ಲಿ ನಾಲ್ಕರ ಬುಡ ಕಪ್ಪಾಗಿ ಕೊಳೆಯಿತು. ಒಂದರಲ್ಲಿ ಮಾತ್ರ ಮೊಂಡು ಬೇರುಗಳು ಬಂದು ಅಲ್ಲೇ ನಿಂತವು. ಬೇರು ಹುಟ್ಟಲು ಆಕ್ಸಿನ್ ಸಾಕಷ್ಟು ಬೇಕು, ಆದರೆ ಹುಟ್ಟಿದ ಬೇರು ಉದ್ದವಾಗಲು ಚೂರೇ ಚೂರು ಸಾಕು. ಮಿತಿ ಮೀರಿದರೆ ಗಿಡ ಎಥಿಲೀನ್ ಅನಿಲವನ್ನು ಜಾಸ್ತಿ ತಯಾರಿಸುತ್ತದೆ. ಬಾಳೆಹಣ್ಣು ಮಾಗಿಸುವುದೂ ಅದೇ ಎಥಿಲೀನ್. ಬೇರಿನಲ್ಲಿ ಅದು ಉದ್ದ ಬೆಳೆಯುವುದನ್ನು ತಡೆಯುತ್ತದೆ.

ಮರಳು, ಕೋಕೊಪಿಟ್ (ತೆಂಗಿನ ನಾರಿನ ಪುಡಿ) ಸಮ ಸಮ ಬೆರೆಸಿ ಕುಂಡ ತುಂಬಿ. ಕಡ್ಡಿಯಿಂದಲೇ ಚುಚ್ಚಬೇಡಿ, ಪುಡಿ ಉಜ್ಜಿ ಹೋಗುತ್ತದೆ. ಮೊದಲು ತೂತು ಮಾಡಿ, ಎರಡು ಗೆಣ್ಣು ಒಳಗಿರುವಂತೆ ಇಳಿಸಿ, ಮಣ್ಣು ಒತ್ತಿ. ತಲೆಕೆಳಗಾಗಿ ನೆಟ್ಟರೆ ಆಗದು. ಆಕ್ಸಿನ್ ದಾಟಿಸುವ ಬಾಗಿಲುಗಳು ಪ್ರತಿ ಕೋಶದ ಬುಡದ ಕಡೆಗೇ ಇರುತ್ತವೆ. ಕಡ್ಡಿ ತಿರುಗಿಸಿದರೂ ಅವು ತಿರುಗುವುದಿಲ್ಲ. ಗುರುತಿಗೇ ಬುಡವನ್ನು ಓರೆಯಾಗಿ ಕತ್ತರಿಸಿ ಅಂದದ್ದು. ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಡಿ.

ಒಂದು ಕಡ್ಡಿಯನ್ನು ಸುಮ್ನೆ ಗಾಜಿನ ಲೋಟದ ನೀರಿನಲ್ಲಿಡಿ, ಮಕ್ಕಳಿದ್ದರೆ ಖಂಡಿತ ಇಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಮೊದಲು ತೊಗಟೆಯ ಮೇಲೆ ಗಸಗಸೆಯಂಥ ಬಿಳಿ ಚುಕ್ಕೆಗಳು ಉಬ್ಬುತ್ತವೆ. ಆಮೇಲೆ ಬಿಳಿ ಬೇರು ಇಣುಕುತ್ತದೆ. ಆಗ ಲೋಟವನ್ನು ಸ್ವಲ್ಪ ಓರೆಯಾಗಿ ಇಟ್ಟು ಒಂದೆರಡು ದಿನ ಬಿಡಿ. ಬೇರಿನ ತುದಿ ಮತ್ತೆ ನೆಲದ ಕಡೆಗೆ ಬಾಗುತ್ತದೆ. ಕೆಳಮಗ್ಗುಲಲ್ಲಿ ಆಕ್ಸಿನ್ ಸೇರಿ ಅಲ್ಲಿನ ಬೆಳವಣಿಗೆ ನಿಧಾನವಾಗಿದೆ, ಮೇಲ್ಮಗ್ಗುಲು ಉದ್ದವಾಗಿದೆ. ಬೇರು ಹುಟ್ಟಿಸಿದ ಹಾರ್ಮೋನೇ ಈಗ ಅದರ ಲಗಾಮು ಹಿಡಿದಿದೆ.

ಕುಂಡದಲ್ಲಿ ಹೊಸ ಎಲೆ ಬಂತು ಅಂತ ಕಿತ್ತು ನೋಡಬೇಡಿ. ಕಡ್ಡಿಯಲ್ಲಿ ಉಳಿದಿದ್ದ ಆಹಾರದಿಂದಲೇ, ಬೇರಿಲ್ಲದೆಯೂ ಎಲೆ ಬರುತ್ತದೆ. ನಾಲ್ಕೈದು ವಾರ ಕಾದು, ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಬಿಗಿಯಾಗಿದ್ದರೆ ಬೇರು ಹಿಡಿದಿದೆ, ದೊಡ್ಡ ಕುಂಡಕ್ಕೆ ಹಾಕಬಹುದು.