ಹಳೇ ಫ್ರೆಂಚ್ ಪಾಪ್ ಹಾಡನ್ನು ಕವರ್ ಮಾಡಬೇಕಾ? ಗಿಟಾರ್ ಆಮೇಲೆ ಮುಟ್ಟಿ

ಮಡಿಕೇರಿ ಕಡೆಯ ಹೋಮ್‌ಸ್ಟೇಗಳಲ್ಲಿ ಶನಿವಾರ ರಾತ್ರಿ ಬೆಂಕಿ ಪಕ್ಕ ಗಿಟಾರ್ ಹಿಡಿದು ಕೂರುವವರ ಪಾಡು ನಿಮಗೆ ಗೊತ್ತಲ್ವಾ? ಅದೇ ಹತ್ತು ಹಿಂದಿ ಹಾಡು, ಅದೇ ನಾಲ್ಕು ಇಂಗ್ಲಿಷ್ ಹಾಡು. ನನಗಂತೂ ಸಾಕಾಗಿತ್ತು. ಒಂದು ಮಳೆಗಾಲ ಮನೆಯಲ್ಲಿ ಕೂತು ಕೂತು ಫ್ರಾನ್ಸಿನ ಅರವತ್ತರ ದಶಕದ ಹಾಡುಗಳ ಹಿಂದೆ ಬಿದ್ದೆ. ಫ್ರೆಂಚ್ ಬರಬೇಕು ಅಂತೇನಿಲ್ಲ. ನನಗೆ ಈಗಲೂ ಬರುವುದಿಲ್ಲ.

ಮೊದಲ ಹಾಡಿಗೆ ಎಡಿತ್ ಪಿಯಾಫ್ ಬೇಡ. ಆ ಗಂಟಲು ನಮಗಿಲ್ಲ, ಸುಮ್ನೆ ಅವಮಾನ. ಫ್ರಾಂಸ್ವಾಸ್ ಆರ್ಡಿ ಒಳ್ಳೆಯ ಆಯ್ಕೆ. ಹದಿನೆಂಟರ ಹುಡುಗಿ, 1962ರಲ್ಲಿ 'ತು ಲೆ ಗಾರ್ಸೋಂ ಎ ಲೆ ಫೀಯ್' ಹಾಡಿದಳು. ದೇಶವೆಲ್ಲ ಜನಮತಗಣನೆಯ ಫಲಿತಾಂಶಕ್ಕೆ ಟಿವಿ ಮುಂದೆ ಕಾಯುತ್ತಿದ್ದ ರಾತ್ರಿ ಈ ಹಾಡು ಬಂತು, ಅಲ್ಲಿಂದ ಮನೆಮಾತಾಯಿತು. ವಿಷಯ ಇಷ್ಟೇ: ನನ್ನ ವಯಸ್ಸಿನವರೆಲ್ಲ ಜೋಡಿ ಜೋಡಿಯಾಗಿ ಓಡಾಡುತ್ತಾರೆ, ನಾನು ಮಾತ್ರ ಒಬ್ಬಳೇ. ಕಿರುಚುವ ಜಾಗವೇ ಇಲ್ಲ. ಮಾತಾಡುವ ದನಿಯಲ್ಲೇ ಹಾಡಬಹುದು.

ಆಮೇಲೆ ಬೇರೆಯವರು ಹೇಗೆ ಕವರ್ ಮಾಡಿದ್ದಾರೆ, ಅಂದರೆ ಇನ್ನೊಬ್ಬರ ಹಾಡನ್ನು ತಮ್ಮ ರೀತಿಯಲ್ಲಿ ಹಾಡಿದ್ದಾರೆ ಅಂತ ಕೇಳಿ. ಸೆರ್ಜ್ ಗೇನ್ಸ್‌ಬೂರ್ ಬರೆದು, ಫ್ರಾನ್ಸ್ ಗಾಲ್ ಹಾಡಿ, 1965ರ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದ 'ಪುಪೇ ದ ಸೀರ್, ಪುಪೇ ದ ಸೋಂ' ಇದೆಯಲ್ಲ, ಅದನ್ನು ಕೆನಡಾದ ಆರ್ಕೇಡ್ ಫೈರ್ ಫ್ರೆಂಚಿನಲ್ಲೇ ಉಳಿಸಿಕೊಂಡು ತಮ್ಮ ಬ್ಯಾಂಡಿನ ಗದ್ದಲದಲ್ಲಿ ಅದ್ದಿ ತೆಗೆದರು. ಅದೇ ಗಾಲ್ ಹಾಡಿದ ಇನ್ನೊಂದು ಗೇನ್ಸ್‌ಬೂರ್ ರಾಗಕ್ಕೆ ಅಮೆರಿಕದ ಗಾಯಕಿ ಏಪ್ರಿಲ್ ಮಾರ್ಚ್ (ತಿಂಗಳಲ್ಲ, ಹೆಸರು) ಇಂಗ್ಲಿಷ್ ಮಾತು ಹಾಕಿ 'ಚಿಕ್ ಹ್ಯಾಬಿಟ್' ಮಾಡಿದಳು. ಟ್ಯಾರಂಟಿನೋನ 'ಡೆತ್ ಪ್ರೂಫ್' ಸಿನಿಮಾದ ಕೊನೆಗೆ ಬರುವುದು ಅದೇ. ಕ್ಯಾಲಿಫೋರ್ನಿಯಾದ ಪಾಂಪ್ಲಮೂಸ್ ಜೋಡಿಯನ್ನೂ ನೋಡಿ, ಹೆಸರೇ ಫ್ರೆಂಚಿನಲ್ಲಿ ನಮ್ಮ ಚಕ್ಕೋತದ ನೆಂಟ ಹಣ್ಣಿನದ್ದು. ಇವರಲ್ಲಿ ಯಾರೂ ಮೂಲವನ್ನು ಹಾಗೇ ನಕಲು ಹೊಡೆದಿಲ್ಲ. ಫ್ರೆಂಚ್ ಅಂದ ಕೂಡಲೇ ಕೀಬೋರ್ಡಿನಲ್ಲಿ ಅಕಾರ್ಡಿಯನ್ ದನಿ ಹುಡುಕುವವರು ಸ್ವಲ್ಪ ತಡೆಯಿರಿ.

ಈಗ ಬಾಯಿ. ಜಾಸ್ತಿ ಹೊತ್ತು ಇಲ್ಲೇ ಕಳೆಯಬೇಕು. ನಾನು ಕಳೆಯಲಿಲ್ಲ, ಸಿಕ್ಕಿಬಿದ್ದೆ. ಒಂದು ಹೋಮ್‌ಸ್ಟೇಯಲ್ಲಿ ಆರ್ಡಿಯ ಈ ಹಾಡು ಹಾಡಿದೆ, ಫ್ರಾನ್ಸಿನಿಂದ ಬಂದಿದ್ದ ಒಬ್ಬರು ಪೂರ್ತಿ ಕೇಳಿ, ಚಪ್ಪಾಳೆಯನ್ನೂ ತಟ್ಟಿ, ಆಮೇಲೆ ಮೆಲ್ಲಗೆ ಕೇಳಿದರು: ಈ ಹುಡುಗಿ ಚಕ್ರಗಳ ಮಧ್ಯೆ ಯಾಕೆ ನಡೀತಾಳೆ? ಬೀದಿ ಅನ್ನುವ ಪದವನ್ನು ನಾನು 'ರೂ' ಅಂತ ಹಾಡಿದ್ದೆ. ಅದು ಗಾಡಿಯ ಚಕ್ರ. ಬೀದಿ ಬೇಕಾದರೆ ಹೀಗೆ ಮಾಡಿ: 'ಈ' ಅಂತ ಎಳೆಯಿರಿ, ನಾಲಿಗೆ ಅಲ್ಲಾಡಿಸದೆ ತುಟಿ ಮಾತ್ರ ಸೀಟಿ ಹೊಡೆಯುವ ಹಾಗೆ ಗುಂಡಗೆ ಮಾಡಿ. ಕನ್ನಡದಲ್ಲಿ ಬರೆಯೋಕೆ ಅಕ್ಷರ ಇಲ್ಲ. ಕೊಡವ ತಕ್ಕ್ ಆಡುವವರಿಗೆ ಇದು ಹೊಸ ಕಷ್ಟವಲ್ಲ ಬಿಡಿ, ಅವರ ಭಾಷೆಯಲ್ಲೂ ಕನ್ನಡ ಲಿಪಿಗೆ ಸಿಗದ ಸ್ವರಗಳಿವೆ (ಇದೇ ಸ್ವರ ಅಲ್ಲ, ಬೇರೆಯವು).

'ಗಾರ್ಸೋಂ' ಕೊನೆಯಲ್ಲಿ ಮ್ ಇಲ್ಲ, ನ್ ಕೂಡ ಇಲ್ಲ. ಓಂ ಹೇಳಲು ಹೊರಟು ತುಟಿ ಮುಚ್ಚುವ ಮೊದಲೇ ನಿಲ್ಲಿಸಿದ ಹಾಗೆ, ದನಿ ಮೂಗಿನಲ್ಲಿ ಉಳಿಯಬೇಕು. ಪದದ ಕೊನೆಯ ವ್ಯಂಜನ ಸಾಮಾನ್ಯವಾಗಿ ನುಂಗಿಹೋಗುತ್ತದೆ, ಆದರೆ ಮುಂದೆ ಸ್ವರ ಬಂದರೆ ಎಷ್ಟೋ ಸಲ ಎದ್ದು ಬರುತ್ತದೆ. 'ಲೆ', 'ಆಮಿ' ಸೇರಿದರೆ 'ಲೆಝಾಮಿ', ಗೆಳೆಯರು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಆಗಮ ಸಂಧಿ ಕೊನೆಗೂ ಒಂದು ಉಪಯೋಗಕ್ಕೆ ಬಂತು. ಗಂಟಲಿನ 'ರ' ಬರದಿದ್ದರೆ ನಮ್ಮ 'ರ' ಇರಲಿ, ಅರ್ಥ ಕೆಡುವುದಿಲ್ಲ. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ, ಪ್ರತಿ ಸಾಲಿನ ಕೆಳಗೆ ಅರ್ಥ ಬರೆಯಿರಿ, ಒಂದು ವಾರ ರಾಗ ಇಲ್ಲದೆ ಸುಮ್ನೆ ಓದಿ.

ಗಿಟಾರ್ ಸುಲಭ. ಸಿ, ಎ ಮೈನರ್, ಎಫ್, ಜಿ ಸುತ್ತಿನಲ್ಲಿ ಶುರು ಮಾಡಿ, ಎಫ್ ಹಿಡಿಯೋಕೆ ಬೆರಳು ನೋಯುತ್ತಿದ್ದರೆ ಅಲ್ಲಿ ಡಿ ಮೈನರ್ ಹಾಕಿ, ಕ್ಯಾಪೋ (ತಂತಿ ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್ಪು) ನಿಮ್ಮ ಶ್ರುತಿಗೆ ತಕ್ಕ ಕಡೆ. ನಡೆ ಮಾತ್ರ ಮೂರರದ್ದು, ನಿಧಾನಕ್ಕೆ ತಕಿಟ ತಕಿಟ. ಅದನ್ನು ನಾಲ್ಕಕ್ಕೆ ಬಗ್ಗಿಸಿದರೆ ಬೇರೆಯದೇ ಹಾಡು ಹುಟ್ಟುತ್ತದೆ. ಕೆಲವೊಮ್ಮೆ ಅದೂ ಚೆನ್ನಾಗಿರುತ್ತದೆ, ಪ್ರಯತ್ನ ಮಾಡಿ.

ರೆಕಾರ್ಡಿಂಗ್‌ಗೆ ಜುಲೈ ತಿಂಗಳು ಬೇಡ, ಜಿಂಕ್ ಶೀಟಿನ ಮೇಲೆ ಮಳೆ ಬಿದ್ದರೆ ಯಾವ ಆ್ಯಪ್ ಕೂಡ ಆ ಸದ್ದು ತೆಗೆಯುವುದಿಲ್ಲ. ಬೇಸಿಗೆಯಲ್ಲಿ ಕಾಫಿ ಮೂಟೆ ಇಡುವ ಸ್ಟೋರ್ ಒಳ್ಳೆಯ ಸ್ಟುಡಿಯೋ. ರೇಟ್ ಇನ್ನೂ ಏರಲಿ ಅಂತ ಚಿಕ್ಕಪ್ಪ ಮಾರದೆ ಇಟ್ಟಿದ್ದ ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಗಳ ನಡುವೆ ಸ್ಟೂಲ್ ಹಾಕಿ ಕೂತೆ, ಮೂರು ಕಡೆ ಗೋಣಿಚೀಲ, ಪ್ರತಿಧ್ವನಿಯೇ ಇಲ್ಲ. ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಡಿ. ಏರೋಪ್ಲೇನ್ ಮೋಡ್ ಹಾಕುವುದು ಮರೆಯಬೇಡಿ, ನನ್ನ ಒಳ್ಳೆಯ ಟೇಕ್ ಮಧ್ಯೆ ಲೋನ್ ಬೇಕಾ ಅಂತ ಕಾಲ್ ಬಂದಿತ್ತು.

ಯೂಟ್ಯೂಬಿಗೆ ಹಾಕಿದರೆ ಕಾಪಿರೈಟ್ ಕ್ಲೈಮ್ ಬರಬಹುದು. ಗಾಬರಿ ಬೇಡ, ಕ್ಲೈಮ್ ಬೇರೆ, ಚಾನೆಲ್ಲಿಗೇ ಬೀಳುವ ಸ್ಟ್ರೈಕ್ ಬೇರೆ. ಹೆಚ್ಚಾಗಿ ವಿಡಿಯೋ ಅಲ್ಲೇ ಇರುತ್ತದೆ, ಜಾಹೀರಾತಿನ ದುಡ್ಡು ಹಾಡಿನ ಹಕ್ಕುದಾರರಿಗೆ ಹೋಗುತ್ತದೆ. ಮೂಲ ರೆಕಾರ್ಡಿಂಗಿನ ಒಂದು ತುಣುಕನ್ನೂ ಸೇರಿಸಬೇಡಿ. ಬರೆದವರ ಹೆಸರನ್ನು ವಿವರಣೆಯಲ್ಲಿ ಹಾಕಿ. ಕನ್ನಡಕ್ಕೆ ಅನುವಾದಿಸಿ ಹಾಡುವ ಆಸೆ ಬಂದರೆ ಅದು ಬೇರೆಯೇ ಲೆಕ್ಕ, ಅದಕ್ಕೆ ಹಕ್ಕುದಾರರಿಂದ ಒಪ್ಪಿಗೆ ಬೇಕು. ನಾನೂ ಎರಡು ಚರಣ ಕನ್ನಡ ಮಾಡಿದ್ದೇನೆ, ಅದು ಜಗಲಿ ದಾಟಿಲ್ಲ.