ಪಿನಿಯನ್ ಬದಲಿಸುವಾಗ ಶಿಮ್‌ಗೆ ಅಂದಾಜು ಸಲ್ಲದು

ಮೂಡಿಗೆರೆ, ಕಳಸದ ಕಡೆಯ ಕಾಫಿ ತೋಟಗಳಲ್ಲಿ ಹಳೆಯ ಮಹೀಂದ್ರ ಜೀಪುಗಳು ಇನ್ನೂ ಗೊಬ್ಬರ ಹೊರುತ್ತಿವೆ. ಅವುಗಳ ಮಾಲೀಕರಿಂದ ನಾನು ಮತ್ತೆ ಮತ್ತೆ ಕೇಳುವ ಮಾತು ಒಂದೇ: "ಹೊಸ ಕ್ರೌನ್ ಪಿನಿಯನ್ ಹಾಕಿಸಿ ತಿಂಗಳಾಗಿಲ್ಲ, ನಲವತ್ತರ ವೇಗ ದಾಟಿದರೆ ಹೌಸಿಂಗ್ ಕೂಗುತ್ತದೆ." ಎಂಜಿನ್ ಕಡೆಯಿಂದ ತಿರುಗುವ ಚಿಕ್ಕ ಗೇರು ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರು ಕ್ರೌನ್; ಎರಡೂ ಇರುವುದು ಹಿಂದಿನ ಆಕ್ಸಲ್‌ನ ಹೌಸಿಂಗ್ ಎಂಬ ಲೋಹದ ಗೂಡಿನೊಳಗೆ. ಬಿಚ್ಚಿ ನೋಡಿದರೆ ಹಲ್ಲುಗಳ ತುದಿಯಷ್ಟೇ ಸವೆದು ಹೊಳೆಯುತ್ತಿರುತ್ತದೆ. ಅಂತರ ಹೊಂದಿಸುವ ತೆಳು ಲೋಹದ ಬಿಲ್ಲೆಗಳಾದ ಶಿಮ್‌ಗಳನ್ನು ಅಳೆಯದೆ, ಹಳೆಯವನ್ನೇ ಮರಳಿ ತುರುಕಿ, ನಟ್ ಬಿಗಿದು ಕಳಿಸಿರುತ್ತಾರೆ. ಸಾವಿರಾರು ರೂಪಾಯಿಯ ಗೇರು ಹೀಗೆ ಹಾಳಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಡಾನಾ 44 ಎಂಬ ಆಕ್ಸಲ್ ಮಾದರಿಯ ಹಿಂದಿನ ಹೌಸಿಂಗ್ ಇರುವ ಜೀಪನ್ನೇ ಎದುರಿಗಿಟ್ಟುಕೊಂಡು ಈ ಕೆಲಸವನ್ನು ವಿವರಿಸುತ್ತೇನೆ.

ಮೊದಲು ಖರೀದಿಯ ಮಾತು. ಪಿನಿಯನ್ ಒಂದನ್ನೇ ಬಿಡಿಯಾಗಿ ಕೊಳ್ಳಬೇಡಿ. ಕ್ರೌನ್ ವೀಲ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿಕೊಂಡು ಜೋಡಿಯಾದವು. ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಕೊರೆದಿರುತ್ತದೆ. ಸಂಖ್ಯೆ ಹೊಂದದ ಸೆಟ್ಟನ್ನು, ಸಂಖ್ಯೆಯೇ ಇಲ್ಲದ ಅಗ್ಗದ ಸೆಟ್ಟನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಬೇರಿಂಗ್, ಆಯಿಲ್ ಸೀಲ್, ಪಿನಿಯನ್ ನಟ್ ಮೂರೂ ಹೊಸದಿರಲಿ.

ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂಭಾಗವನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಎಣ್ಣೆ ಇಳಿಸಿ, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಆಕ್ಸಲ್ ಶಾಫ್ಟ್‌ಗಳನ್ನು ಹೊರಗೆಳೆದು, ಹಿಂದಿನ ಮುಚ್ಚಳ ತೆಗೆಯಿರಿ.

ಬೇರಿಂಗ್ ಕ್ಯಾಪ್‌ಗಳನ್ನು ಸಡಿಲಿಸುವ ಮೊದಲು ಪಂಚ್‌ನಿಂದ ಎಡಕ್ಕೆ ಒಂದು ಚುಕ್ಕಿ, ಬಲಕ್ಕೆ ಎರಡು ಚುಕ್ಕಿ ಹಾಕಿ. ಹೌಸಿಂಗ್ ಜೊತೆಗೇ ಕೊರೆದ ಕ್ಯಾಪ್‌ಗಳಿವು, ಅದಲುಬದಲಾದರೆ ಬೇರಿಂಗ್ ನೆಟ್ಟಗೆ ಕೂರುವುದಿಲ್ಲ. ಕ್ರೌನ್ ಬಿಗಿದಿರುವ ಡಿಫರೆನ್ಷಿಯಲ್ ಹೊರಬಂದ ಮೇಲೆ ಎರಡು ಬದಿಯ ಶಿಮ್‌ಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಡಿ.

ಪಿನಿಯನ್ ನಟ್ ಬಿಚ್ಚುವಾಗ, ಪ್ರೊಪೆಲ್ಲರ್ ಶಾಫ್ಟ್ ಬಂದು ಕೂಡುವ ಯೋಕ್‌ಗೆ ಉದ್ದನೆಯ ಕಬ್ಬಿಣದ ಪಟ್ಟಿಯನ್ನು ಬೋಲ್ಟ್ ಹಾಕಿ ಹಿಡಿಯಿರಿ. ಯೋಕ್ ಕಳಚಿದ ನಂತರ ನಟ್ಟನ್ನು ನಾಲ್ಕು ಸುತ್ತು ಮರಳಿ ಹಾಕಿ, ತಾಮ್ರದ ಸುತ್ತಿಗೆಯಿಂದ ತಟ್ಟಿ. ಪಿನಿಯನ್ ಸಡಿಲವಾದಾಗ ನಟ್ ತೆಗೆದು, ಒಳಗಿನಿಂದ ಕೈಯೊಡ್ಡಿ ಹಿಡಿದುಕೊಳ್ಳಿ.

ಇನ್ನು ಜನ ಎಡವುವ ಜಾಗ. ಇಲ್ಲಿ ಎರಡು ಗುಂಪಿನ ಶಿಮ್‌ಗಳಿವೆ, ಎರಡರ ಕೆಲಸವೂ ಬೇರೆ. ಒಳಗಿನ ಬೇರಿಂಗ್‌ನ ಕಪ್, ಅಂದರೆ ಹೊರಬಳೆಯ ಹಿಂದಿರುವುದು ಪಿನಿಯನ್ ಎಷ್ಟು ಆಳಕ್ಕೆ ಇಳಿಯಬೇಕೆಂದು ನಿರ್ಧರಿಸುತ್ತದೆ. ಹೊರಗಿನ ಬೇರಿಂಗ್‌ಗೂ ಪಿನಿಯನ್‌ನ ಮೆಟ್ಟಿಲಿಗೂ ನಡುವೆ ಇರುವುದು ಬೇರಿಂಗ್‌ಗಳ ಬಿಗಿಯನ್ನು ನಿರ್ಧರಿಸುತ್ತದೆ. ಆಳದ ಶಿಮ್ ಎಷ್ಟು ಹೆಚ್ಚಿಸಿದಿರೋ ಬಿಗಿಯ ಶಿಮ್ಮನ್ನೂ ಅಷ್ಟೇ ಹೆಚ್ಚಿಸಬೇಕು. ಇಲ್ಲವಾದರೆ ಕಪ್‌ಗಳ ನಡುವಿನ ಅಂತರ ಹೆಚ್ಚಿ ಬೇರಿಂಗ್ ಹಿಡಿದುಕೊಳ್ಳುತ್ತದೆ.

ಪಿನಿಯನ್ನಿನ ತಲೆಯ ಮೇಲೆ +2, -3, 0 ಎಂಬಂಥ ಗುರುತು ಇರುತ್ತದೆ. ಅದು ಇಂಚಿನ ಸಾವಿರದ ಭಾಗದ ಲೆಕ್ಕ. ಹಳೆಯದು 0, ಹೊಸದು +2 ಎಂದಾದರೆ ಆಳದ ಶಿಮ್‌ನಿಂದ 0.002 ಇಂಚು ಕಡಿಮೆ ಮಾಡಿ. ಹೊಸದು -3 ಆದರೆ 0.003 ಸೇರಿಸಿ. ಲೆಕ್ಕ ಶುರುವಾಗುವುದು ಹಳೆಯ ಶಿಮ್‌ನ ದಪ್ಪದಿಂದ. ಆದ್ದರಿಂದ ಅದನ್ನು ಮೈಕ್ರೋಮೀಟರ್‌ನಿಂದ ಅಳೆದು ಬರೆದಿಡಿ. ತವರದ ಡಬ್ಬಿಯ ತಗಡು ಕತ್ತರಿಸಿ ಶಿಮ್ ಮಾಡುವವರನ್ನು ಕಂಡಿದ್ದೇನೆ. ಅದು ಭಾರಕ್ಕೆ ನಜ್ಜಿ ತೆಳುವಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಲೆಕ್ಕ ಎಷ್ಟೇ ಸರಿಯಿದ್ದರೂ ಒಂದೆರಡು ಸಲ ಕಪ್ ತೆಗೆದು ಹಾಕಬೇಕಾಗುತ್ತದೆ. ಅದಕ್ಕಾಗಿ ಹಳೆಯ ಕಪ್‌ನ ಹೊರಮೈಯನ್ನು ಉಜ್ಜಿ, ಕೈಯಿಂದಲೇ ಕೂರುವಂತೆ ಮಾಡಿ ಇಟ್ಟುಕೊಳ್ಳಿ. ನಾನು ಮೆಚ್ಚುವ ಉಪಾಯ ಇದೊಂದೇ. ಕೊನೆಯ ಪರೀಕ್ಷೆ ಮಾತ್ರ ಹೊಸ ಕಪ್‌ನಲ್ಲೇ ನಡೆಯಬೇಕು.

ಸೀಲ್ ಹಾಕದೆ, ಡಿಫರೆನ್ಷಿಯಲ್ ಕೂರಿಸದೆ, ಬರೀ ಪಿನಿಯನ್ ಜೋಡಿಸಿ ನಟ್ಟನ್ನು 270ರಿಂದ 300 ನ್ಯೂಟನ್ ಮೀಟರ್ ಬಿಗಿಯಿರಿ. ಯೋಕ್‌ನ ದುಂಡನೆಯ ಕುತ್ತಿಗೆಗೆ ದಾರ ಸುತ್ತಿ, ಸ್ಪ್ರಿಂಗ್ ತಕ್ಕಡಿಯಿಂದ ನಿಧಾನವಾಗಿ ಎಳೆಯಿರಿ. ಹೊಸ ಬೇರಿಂಗ್‌ಗೆ 2.3ರಿಂದ 4.5 ನ್ಯೂಟನ್ ಮೀಟರ್ ಪ್ರತಿರೋಧ ಬೇಕು. ಕುತ್ತಿಗೆಯ ಅರ್ಧವ್ಯಾಸ 2.5 ಸೆಂಟಿಮೀಟರ್ ಇದ್ದರೆ ತಕ್ಕಡಿ ಸುಮಾರು 9ರಿಂದ 18 ಕೆ.ಜಿ. ತೋರಿಸಬೇಕು. ಮೊದಲ ಎಳೆತದ ಅಂಕಿ ಬಿಡಿ, ತಿರುಗುತ್ತಿರುವಾಗಿನದನ್ನು ಹಿಡಿಯಿರಿ. ತೂಕ ಕಡಿಮೆ ಬಂದರೆ ಬಿಗಿಯ ಶಿಮ್ ತೆಗೆಯಿರಿ, ಹೆಚ್ಚು ಬಂದರೆ ಸೇರಿಸಿ. ನಟ್ ಸಡಿಲಿಸಿ ಸರಿಮಾಡುವ ಯೋಚನೆ ಬೇಡವೇ ಬೇಡ.

ಈಗ ಹೊಸ ಕ್ರೌನ್ ಬಿಗಿದ ಡಿಫರೆನ್ಷಿಯಲ್ ಕೂರಿಸಿ, ಡಯಲ್ ಗೇಜ್ ಮುಳ್ಳನ್ನು ಕ್ರೌನ್ ಹಲ್ಲಿಗೆ ತಾಗಿಸಿ. ಪಿನಿಯನ್ ಅಲುಗದಂತೆ ಹಿಡಿದು ಕ್ರೌನ್ ಆಡಿಸಿದರೆ 0.13ರಿಂದ 0.25 ಮಿಲಿಮೀಟರ್ ಆಟ ಸಿಗಬೇಕು. ಸುತ್ತಲೂ ನಾಲ್ಕು ಕಡೆ ನೋಡಿ. ಹೆಚ್ಚುಕಡಿಮೆ ಇದ್ದರೆ ಒಂದು ಬದಿಯ ಶಿಮ್ ತೆಗೆದು ಇನ್ನೊಂದು ಬದಿಗೆ ಹಾಕಿ, ಒಟ್ಟು ದಪ್ಪ ಬದಲಾಗಬಾರದು.

ಆಮೇಲೆ ನಾಲ್ಕಾರು ಹಲ್ಲುಗಳಿಗೆ ಮಾರ್ಕಿಂಗ್ ಬ್ಲೂ ಎಂಬ ಬಣ್ಣ ತೆಳುವಾಗಿ ಬಳಿದು, ಕ್ರೌನ್‌ಗೆ ಮರದ ತುಂಡು ಒತ್ತಿಹಿಡಿದು ಪಿನಿಯನ್ನನ್ನು ಎರಡೂ ದಿಕ್ಕಿಗೆ ತಿರುಗಿಸಿ. ಹಲ್ಲುಗಳು ಒತ್ತಿದಲ್ಲಿ ಬಣ್ಣದ ಮೇಲೆ ಮೂಡುವ ಮಚ್ಚೆ ಹಲ್ಲಿನ ಎತ್ತರದ ನಡುವೆ ಬಿದ್ದರೆ ಆಳ ಸರಿಯಿದೆ. ಹಲ್ಲಿನ ತಲೆಯ ಮೇಲೆ ಬಿದ್ದರೆ ಪಿನಿಯನ್ ದೂರ ಉಳಿದಿದೆ, ಆಳದ ಶಿಮ್ ಹೆಚ್ಚಿಸಿ. ಬುಡದಲ್ಲಿ ಬಿದ್ದರೆ ಒಳಕ್ಕೆ ಹೋಗಿದೆ, ಕಡಿಮೆ ಮಾಡಿ. ಆಳ ಬದಲಿಸಿದಾಗಲೆಲ್ಲ ಹಲ್ಲಿನ ಆಟವನ್ನು ಮತ್ತೆ ಅಳೆಯಬೇಕು. ಮಧ್ಯಾಹ್ನ ಶುರುಮಾಡಿದ ಕೆಲಸ ಇಲ್ಲಿಗೆ ಬರುವಾಗ ಕತ್ತಲಾಗಿರುತ್ತದೆ. ಅವಸರ ಅನ್ನಿಸಿದರೆ ಮುಚ್ಚಿಟ್ಟು ಬೆಳಿಗ್ಗೆ ಬನ್ನಿ.

ಮಚ್ಚೆ ಸರಿಬಂದ ಮೇಲೆ ಸೀಲ್‌ನ ತುಟಿಗೆ ಗ್ರೀಸ್ ಹಚ್ಚಿ ಕೂರಿಸಿ, ಹೊಸ ನಟ್ ಹಾಕಿ ಅದೇ ಅಳತೆಗೆ ಬಿಗಿಯಿರಿ. ಯೋಕ್‌ನಲ್ಲಿ ಸೀಲ್ ಉಜ್ಜುವ ಕಡೆ ಗೆರೆ ಬಿದ್ದಿದ್ದರೆ ಯೋಕ್ ಕೂಡ ಬದಲಿಸಿ. ಹೌಸಿಂಗ್ ಮೇಲಿನ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಶುಚಿಮಾಡಿ, ಮಲೆನಾಡಿನ ಮಳೆಗಾಲದ ನಂತರ ಅದು ಮುಚ್ಚಿಯೇ ಇರುತ್ತದೆ. ಬಿಸಿಗಾಳಿಗೆ ದಾರಿ ಸಿಗದಿದ್ದರೆ ಹೊಸ ಸೀಲ್ ಕೂಡ ಸೋರುತ್ತದೆ.

ಎಣ್ಣೆ ಜಿಎಲ್-5 ದರ್ಜೆಯದೇ ಆಗಬೇಕು. ಪಿನಿಯನ್ ಕ್ರೌನ್‌ನ ನಡುಗೆರೆಗಿಂತ ಕೆಳಗೆ ಕೂರುವುದರಿಂದ ಇಲ್ಲಿ ಹಲ್ಲುಗಳು ಉರುಳುವುದರ ಜೊತೆಗೆ ಜಾರುತ್ತವೆ, ಸಾಮಾನ್ಯ ಎಣ್ಣೆಯ ಪೊರೆ ಆ ಒತ್ತಡಕ್ಕೆ ಹರಿದುಹೋಗುತ್ತದೆ. ಮೊದಲ 20 ಕಿಲೋಮೀಟರ್ ಖಾಲಿ ಗಾಡಿಯನ್ನು ಮೆಲ್ಲಗೆ ಓಡಿಸಿ, ಹೌಸಿಂಗ್ ತಣ್ಣಗಾಗುವವರೆಗೆ ನಿಲ್ಲಿಸಿ. 800 ಕಿಲೋಮೀಟರ್ ಆಗುವವರೆಗೆ ಗೊಬ್ಬರದ ಮೂಟೆ ಹೇರಿ ಘಾಟಿ ಹತ್ತಬೇಡಿ. ಅಷ್ಟಾದ ಮೇಲೆ ಎಣ್ಣೆ ಬದಲಿಸಿ.