ತುರ್ತು ವಿಭಾಗವೋ, ಸರ್ಕಾರದ ‘ನಮ್ಮ ಕ್ಲಿನಿಕ್ಕೋ’: ಮನೆ ಬಿಡುವ ಮೊದಲೇ ನಿರ್ಧರಿಸುವ ಬಗೆ

ಮನೆಯಲ್ಲಿ ಯಾರಿಗಾದರೂ ಮೈ ಕಾದರೆ ಆಟೊ ಹಿಡಿದು ನೇರವಾಗಿ ರಾಯಚೂರಿನ ದೊಡ್ಡ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಹೋಗಬೇಕೆನಿಸುವುದು ಸಹಜ. ಆದರೆ ಯಾವ ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲೂ ಸರದಿ ನಿರ್ಧಾರವಾಗುವುದು ಬಂದ ಹೊತ್ತಿನಿಂದಲ್ಲ, ಕಾಯಿಲೆಯ ತೀವ್ರತೆಯಿಂದ. ಅಪಘಾತದ ಗಾಯಾಳುಗಳು, ಉಸಿರಾಡಲು ಒದ್ದಾಡುವವರು ಒಳಬಂದಂತೆಲ್ಲ ನೆಗಡಿ ಜ್ವರದವರು ಕಾಯುತ್ತಲೇ ಇರಬೇಕಾಗುತ್ತದೆ.

ಆದ್ದರಿಂದ ಮೊದಲು ಅಪಾಯದ ಲಕ್ಷಣಗಳಿವೆಯೇ ನೋಡಿ. ಎದೆ ಹಿಂಡಿದಂತೆ ನೋವು, ಉಸಿರಾಟದ ತೊಂದರೆ, ಫಿಟ್ಸ್, ಪ್ರಜ್ಞೆ ತಪ್ಪುವುದು, ನಿಲ್ಲದ ರಕ್ತಸ್ರಾವ, ಮೂರು ತಿಂಗಳೊಳಗಿನ ಕೂಸಿಗೆ ಜ್ವರ, ಇವುಗಳಲ್ಲಿ ಒಂದಿದ್ದರೂ ಕ್ಲಿನಿಕ್ಕಿನ ಮಾತು ಬೇಡ, 108ಕ್ಕೆ ಕರೆ ಮಾಡಿ. ಬಾಯಿ ಸೊಟ್ಟಗಾದರೆ, ಒಂದು ಕೈ ಬಲ ಕಳೆದುಕೊಂಡರೆ ಅಥವಾ ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗಿರುವುದರಿಂದ, ಅವರು ಕೊನೆಯದಾಗಿ ಸರಿಯಾಗಿದ್ದ ಗಳಿಗೆಯನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಿ. ಸಿಂಧನೂರು, ಮಾನ್ವಿ ಕಡೆಯ ಭತ್ತದ ಗದ್ದೆಗಳಲ್ಲಿ ದುಡಿಯುವವರಿಗೆ ಹಾವು ಕಚ್ಚಿದರೆ ಹಗ್ಗ ಬಿಗಿಯುವುದಾಗಲಿ, ಗಾಯ ಕೊಯ್ಯುವುದಾಗಲಿ ಮಾಡದೆ, ಅವರನ್ನು ನಡೆಸದೆ ಆಸ್ಪತ್ರೆಗೆ ಸಾಗಿಸಿ. ನಮ್ಮ ಬಿರುಬೇಸಿಗೆಯಲ್ಲಿ ಮೈ ಸುಡುತ್ತ ತಡಬಡಿಸಿ ಮಾತನಾಡುವವರನ್ನು ನೆರಳಿಗೆ ತಂದು, ಆಂಬುಲೆನ್ಸ್ ಬರುವವರೆಗೂ ಮೈಮೇಲೆ ನೀರು ಹಾಕುತ್ತ ಗಾಳಿ ಬೀಸುತ್ತಿರಿ.

ಇವು ಯಾವುವೂ ಇಲ್ಲದ ಒಂದೆರಡು ದಿನದ ಜ್ವರ, ಕೆಮ್ಮು, ಉರಿಮೂತ್ರ, ಸಣ್ಣ ಗಾಯ, ನೀರು ಕುಡಿಯಲು ಆಗುವಷ್ಟು ಮಟ್ಟಿಗಿನ ಭೇದಿ, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ, ಇವಕ್ಕೆ ನಗರದವರಿಗೆ ನಮ್ಮ ಕ್ಲಿನಿಕ್, ಹಳ್ಳಿಯವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. 2022ರ ಡಿಸೆಂಬರಿನಲ್ಲಿ ರಾಜ್ಯದ ನಗರಗಳಲ್ಲಿ ಆರಂಭವಾದ ನಮ್ಮ ಕ್ಲಿನಿಕ್‌ಗಳಲ್ಲಿ ವೈದ್ಯರ ತಪಾಸಣೆ, ಔಷಧಿ ಹಾಗೂ ಸಾಮಾನ್ಯ ರಕ್ತ, ಮೂತ್ರ ಪರೀಕ್ಷೆಗಳು ಉಚಿತ. ಅವು ಸಾಮಾನ್ಯವಾಗಿ ಬೆಳಗ್ಗೆ 9ರಿಂದ ಸಂಜೆ 4.30ರವರೆಗೆ ತೆರೆದಿರುವುದರಿಂದ, ನಿಮ್ಮ ವಾರ್ಡಿನ ಕ್ಲಿನಿಕ್ ಎಲ್ಲಿದೆಯೆಂದು ಆರೋಗ್ಯವಾಗಿರುವಾಗಲೇ ಹೋಗಿ ನೋಡಿಕೊಂಡು ಬನ್ನಿ. ದಯವಿಟ್ಟು ಇದೊಂದನ್ನು ಮುಂದೂಡಬೇಡಿ.

ನಾಯಿ ಕಡಿತದಲ್ಲಿ ಮಾತ್ರ ಗೊಂದಲವಾಗುವುದುಂಟು. ಗಾಯವನ್ನು ಮೊದಲು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರ ಹಚ್ಚಬೇಡಿ. ರಕ್ತ ಬಂದಿದ್ದರೆ ರೇಬೀಸ್ ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ, ರೇಬೀಸನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದಾದ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕಾಗುವುದರಿಂದ ಅದೇ ದಿನ ದೊಡ್ಡ ಆಸ್ಪತ್ರೆಗೇ ಹೋಗಿ. ಮುಂದಿನ ಲಸಿಕೆಗಳನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಪಡೆಯಬಹುದೇ ಎಂದು ಅಲ್ಲಿಯೇ ಕೇಳಿ.

ಹೊರಡುವಾಗ ಹಳೆಯ ಚೀಟಿಗಳನ್ನೂ, ಸೇವಿಸುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಚೀಲದಲ್ಲಿಟ್ಟುಕೊಳ್ಳಿ. ತಪಾಸಣೆ ಮುಗಿದ ಮೇಲೆ ಯಾವ ಲಕ್ಷಣ ಕಂಡರೆ ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ಅವರೇ ಕಳುಹಿಸಿದರೆ ಕಾರಣ ಬರೆದ ಚೀಟಿಯನ್ನು ಪಡೆದುಕೊಂಡೇ ಹೊರಡಿ.